ಟಗರುಗಳೆಲ್ಲ ಕಾರಾದ ವರ್ಷ

ಆ ವರ್ಷ ನಮ್ಮ ಮನೆಯ ಟಗರುಗಳೆಲ್ಲ ಕಾರಾದವು. ಕುರಿಹಟ್ಟಿ ಬರಿದಾಯಿತು. ಹಟ್ಟಿಯ ಮುಂದಿನ ಬೇವಿನ ಮರದಡಿಯಲ್ಲಿ ಕಪ್ಪಗೆ, ಉದ್ದಕ್ಕೆ, ಕೆರೆಯಲ್ಲಿ ಮೈತೊಳೆದು ತಂದು ನಿಲ್ಲಿಸಿದ ಎಮ್ಮೆಯ ಹಾಗೆ ಮಿರಿಮಿರಿ ಮಿಂಚುತ್ತ ಅದೊಂದೇ ನಿಂತಿತು. ಮೊದಲು ಅದನ್ನು ಇಟ್ಟುಕೊಂಡಿದ್ದವನು ಎಲ್ಲಿಯವನೋ ಒಬ್ಬ ಕಲ್ಲುಕ್ವಾರಿಯ ಸಾಹುಕಾರ. ಅವನ ಕೈಯಿಂದ ದಲ್ಲಾಳಿ ಫಾಲಾಕ್ಷಿಯ ಕೈಗೆ, ಫಾಲಾಕ್ಷಿಯ ಕೈಯಿಂದ ನನ್ನ ಕೈಗೆ ಬಂತು. ಫಾಲಾಕ್ಷಿ ಬಾಯಿಮಾತಿನಲ್ಲಿ ಮಾರಿದವನಲ್ಲ. ನನ್ನ ಹೆಂಡತಿ ಮಾಳವ್ವನ ಹತ್ತಿರ ಒಂದು ಲೋಟದ ತುಂಬ ಮಜ್ಜಿಗೆ ಇಸಿದುಕೊಂಡ, ಅದನ್ನು ಹಿಂದಿನ ಸೀಟಿನ ನಡುವೆ ಇಟ್ಟ, ನನ್ನನ್ನು ಮುಂದೆ ಕೂರಿಸಿಕೊಂಡು ಉತ್ತ ಹೊಲದ ಮೇಲೆ ಅಡ್ಡಡ್ಡಲಾಗಿ ಓಡಿಸಿಬಿಟ್ಟ. ಬದು ಹತ್ತಿ ಇಳಿದದ್ದು ಕಣ್ಣಿಗೆ ಕಂಡಿತೇ ಹೊರತು ಮೈಗೆ ತಿಳಿಯಲಿಲ್ಲ. ಮಜ್ಜಿಗೆ ಲೋಟದ ಅಂಚಿನ ತನಕ ಬಂದು, ಹೊರಗೆ ಇಣುಕಿ ನೋಡಿ, ಮತ್ತೆ ಒಳಗೆ ಹೋಯಿತು. ಒಂದು ಹನಿ ಚೆಲ್ಲಲಿಲ್ಲ. ಅಲ್ಲಿಗೆ ನಾನು ಸೋತೆ.

ನನಗೇನು ಕಾರಿನ ಹುಚ್ಚಿರಲಿಲ್ಲ. ನನಗೆ ಬೇಕಾಗಿದ್ದದ್ದು ಆ ಚೆಲ್ಲದ ಮಜ್ಜಿಗೆ. ನನ್ನ ಅಕ್ಕ ಹೊನ್ನಕ್ಕನನ್ನು ಬಯಲಾಚೆಯ ಊರಿಗೆ ಕೊಟ್ಟಿದ್ದೇವೆ. ನಮ್ಮವ್ವ ನನ್ನನ್ನು ಹೆತ್ತು ಹೆಚ್ಚು ದಿನ ಇರಲಿಲ್ಲ. ನಾನು ನಡೆಯುವುದು ಕಲಿಯುವ ತನಕ, ಕಲಿತ ಮೇಲೂ ಸೋಮಾರಿತನಕ್ಕೆ, ಅಕ್ಕನ ಸೊಂಟದ ಮೇಲೆಯೇ ಇದ್ದವನು. ಅದೇ ಸೊಂಟ ಐದು ವರ್ಷದ ಕೆಳಗೆ ನೀರಿನ ತೊಟ್ಟಿಯ ಮೆಟ್ಟಿಲ ಮೇಲೆ ಜಾರಿ ಮುರಿಯಿತು. ಮೂಳೆ ಕೂಡಿತು, ಆದರೆ ಮನಸ್ಸಿಲ್ಲದ ಮನಸ್ಸಿನಿಂದ ಕೂಡಿತು. ಗಾಡಿ ಕುಲುಕಿದರೆ ಸಾಕು, ನೋವು ತೊಡೆಯಿಂದ ಹೊರಟು ನೆತ್ತಿ ಮುಟ್ಟುವ ತನಕ ಬಿಡುತ್ತಿರಲಿಲ್ಲ. ವರ್ಷ ವರ್ಷವೂ ಗೌರಿ ಹಬ್ಬಕ್ಕೆ ನಾನು ಸೀರೆ, ಬಳೆ ಹಿಡಿದು ಕರೆಯಲು ಹೋಗುತ್ತಿದ್ದೆ. ಅವಳೂ ಟ್ರಂಕು ತುಂಬಿಕೊಂಡು ಬಸ್ಸು ಹತ್ತುತ್ತಿದ್ದಳು. ಬಯಲ ನಡುವಿನ ಬನ್ನಿಮರ ಬರುವಷ್ಟರಲ್ಲಿ ಅವಳ ಮುಖ ಸುಣ್ಣವಾಗುತ್ತಿತ್ತು. ಅಲ್ಲೇ ಇಳಿದು, ನೆರಳಲ್ಲಿ ಮಲಗಿ, ಎದುರಿನ ಬಸ್ಸಿಗೆ ಕೈ ಅಡ್ಡ ಹಿಡಿದು ವಾಪಸು ಹೋಗುತ್ತಿದ್ದಳು. "ಸೀರೆ ಮುಟ್ಟಿತಲ್ಲ ತಮ್ಮಾ, ಮನೆ ಮುಟ್ಟಿದಂಗೇ ಆಯ್ತು ನಡಿ" ಅನ್ನುತ್ತಿದ್ದಳು. ಹೀಗೆ ಅಕ್ಕ ಪ್ರತಿ ವರ್ಷ ಅರ್ಧ ದಾರಿಯಷ್ಟು ತವರಿಗೆ ಬರುತ್ತಿದ್ದಳು. ಈ ಸಲ ಪೂರ್ತಿ ಬರಬೇಕು ಅನ್ನುವುದು ನನ್ನ ಹಠ.

ಕಾರು ಬಂದ ಮರುದಿನದಿಂದ ಅದರ ಐಬುಗಳು ಒಂದೊಂದಾಗಿ ಎದ್ದು ಕೂತವು. ಬಿಸಿಲು ಬಿದ್ದರೆ ಗಾಜು ಒರೆಸುವ ಕಡ್ಡಿ ತಾನಾಗಿ ಆಡುತ್ತಿತ್ತು. ಮಳೆ ಬಂದರೆ ಮಲಗುತ್ತಿತ್ತು. ಸೀಟು ಕೂತವರ ಕುಂಡಿ ಬೇಯುವ ಹಾಗೆ ಕಾಯುತ್ತಿತ್ತು. ಎಡಕ್ಕೆ ತಿರುಗಿಸಿದರೆ ಹಾರನ್ನು ಕೂಗುತ್ತಿತ್ತು. ಹೊಟ್ಟೆಯ ಕೆಳಗಿಂದ ಎಣ್ಣೆ ತೊಟತೊಟ ಸೋರುತ್ತಿತ್ತು. ಒಳಗೊಬ್ಬ ಹೆಂಗಸಿನ ದನಿ ಇತ್ತು. ಯಾವ ದೇಶದ ಮಾತೋ ಏನೋ, ಮುಂದೆ ಹೋದಷ್ಟೂ ಅದು ಗದರಿಕೊಳ್ಳುತ್ತಿತ್ತು. ಇವೆಲ್ಲಕ್ಕೂ ದೊಡ್ಡದು ಇನ್ನೊಂದು. ಹೊರಟ ಜಾಗಕ್ಕೂ ಹೋಗಬೇಕಾದ ಜಾಗಕ್ಕೂ ಸರಿಯಾಗಿ ನಡುವೆ ಕಾರು ನಿಂತುಬಿಡುತ್ತಿತ್ತು. ಗಿರಣಿಗೆ ಹೊರಟರೆ ಗಿರಣಿಯ ನಡುದಾರಿ, ಸಂತೆಗೆ ಹೊರಟರೆ ಸಂತೆಯ ನಡುದಾರಿ. ಅನ್ನ ಬೇಯುವಷ್ಟು ಹೊತ್ತು ನಿಲ್ಲುತ್ತಿತ್ತು, ಒಮ್ಮೊಮ್ಮೆ ಅನ್ನ ಬೆಂದು, ಉಂಡು, ಮಲಗಿ ಏಳುವಷ್ಟು ಹೊತ್ತು. ಆಮೇಲೆ ಏನೂ ಆಗಿಲ್ಲದವರ ಹಾಗೆ ತಾನೇ ಹೊರಡುತ್ತಿತ್ತು.

"ಟಗರು ಕೊಟ್ಟು ರೋಗ ತಂದ್ರಿ" ಅಂದಳು ಮಾಳವ್ವ. "ಟಗರಿಗಾದ್ರೆ ಔಷಧಿ ಕುಡಿಸಬೋದಿತ್ತು."

ಬೇರೆ ಊರಾಗಿದ್ದರೆ ಇದೇನು ದೊಡ್ಡ ಮಾತಲ್ಲ. ರಿಪೇರಿ ಮಾಡಿಸಿದರೆ ಮುಗಿಯಿತು. ಹೊರಗಿನವರು ರಿಪೇರಿ ಮಾಡಿಸಿದಾಗ ಐಬು ಎಲ್ಲಿಗೆ ಹೋಗುತ್ತದೋ ನಮಗೆ ಗೊತ್ತಿಲ್ಲ, ಅವರೂ ವಿಚಾರಿಸಿದಂತಿಲ್ಲ. ನಮ್ಮ ಊರಿನಲ್ಲಿ ಐಬು ಸಾಯುವುದಿಲ್ಲ. ಒಂದರಿಂದ ಬಿಚ್ಚಿದರೆ ಇನ್ನೊಂದು ಅದನ್ನು ಇಟ್ಟುಕೊಳ್ಳಬೇಕು. ಇಟ್ಟುಕೊಳ್ಳುವ ವಸ್ತುವಿನ ಯಜಮಾನ ಬಾಯಿ ಬಿಟ್ಟು "ಇರಲಿ ಬಿಡು" ಅನ್ನಬೇಕು. ಅದಕ್ಕೇ ನಮ್ಮಲ್ಲಿ ಪ್ರತಿ ಮನೆಯ ಮೂಲೆಯಲ್ಲೂ ಕೆಲಸಕ್ಕೆ ಬಾರದ ಒಂದು ಛತ್ರಿ, ಕಾಲು ಮುರಿದ ಒಂದು ಮಣೆ ಇರುತ್ತದೆ, ಸಣ್ಣಪುಟ್ಟ ಐಬುಗಳನ್ನು ಅದಕ್ಕೆ ಕೊಡುತ್ತೇವೆ. ನಮ್ಮ ಮನೆಯ ಒಡಕು ಒರಳಿನಲ್ಲಿ ಹಳೆಯ ರೇಡಿಯೋದ ಗೊರಗೊರ ಇದೆ, ಮೋಡ ಕವಿದಾಗ ಕೇಳಿಸುತ್ತದೆ. ಯಾರೂ ಒಪ್ಪಿಕೊಳ್ಳದೆ ಬಿಟ್ಟರೆ ಐಬು ತನಗೆ ತೋಚಿದ ಕಡೆ ಹೋಗಿ ಕೂರುತ್ತದೆ. ಟೈಲರ್ ಹಾಲೇಶಿಯ ಮಿಷನ್ನು ಹೊಲಿಗೆ ತಪ್ಪಿಸುವುದನ್ನು ಹಾಗೆ ಬಿಚ್ಚಿ ಬಿಟ್ಟಿದ್ದಕ್ಕೆ, ಅದು ಪೂಜಾರಿ ಶಿವಲಿಂಗಯ್ಯನವರ ಮಂತ್ರಕ್ಕೆ ಹತ್ತಿತು. ಈಗ ನಮ್ಮೂರಲ್ಲಿ ಮದುವೆಗಳು ಬೇಗ ಮುಗಿಯುತ್ತವೆ.

ಆದ್ದರಿಂದ ಆ ಎರಡು ಪದ ನಮ್ಮಲ್ಲಿ ಸುಮ್ಮಸುಮ್ಮನೆ ಬಾಯಿಗೆ ಬರುವುದಿಲ್ಲ. ಯಾರಾದರೂ ಕಾಲು ತುಳಿದರೆ "ಆಯ್ತು, ನೋಡ್ಕೊಂಡು ನಡಿ" ಅನ್ನುತ್ತೇವೆ. ಹೊಸ ಸೊಸೆಗೆ ಒಲೆ ಎಲ್ಲಿದೆ ಅಂತ ತೋರಿಸುವ ಮೊದಲು ಇದನ್ನು ಹೇಳಿಕೊಡುತ್ತಾರೆ.

ಮೆಕ್ಯಾನಿಕ್ ಗೌಸಣ್ಣ ಬಂದು ಕಾರಿನ ಸುತ್ತ ಎರಡು ಸುತ್ತು ಹಾಕಿದ. ಪಟ್ಟಣದ ದೊಡ್ಡ ಗ್ಯಾರೇಜಿನಲ್ಲಿ ಇದ್ದು ಬಂದವನು ಅಂತ ಅವನೇ ಹೇಳಿಕೊಳ್ಳುತ್ತಾನೆ. ಕೆಲಸಕ್ಕಿಂತ ಮಾತು ಒಂದು ತೂಕ ಹೆಚ್ಚು. ಬೆಲ್ಲದ ಚಾ ಕೊಟ್ಟರೆ ಎರಡು ತೂಕ.

"ಕರಿಸಿದ್ದಣ್ಣ, ಇವು ನಮ್ಮ ಟ್ರ್ಯಾಕ್ಟರಿನ ಐಬಿನಂಥವಲ್ಲ. ದೊಡ್ಡ ಮನೆಯಲ್ಲಿ ಬೆಳೆದವು. ಮುರುಕು ಮಣೆಗೆ ಹಾಕಿದ್ರೆ ಕೂರಲ್ಲ" ಅಂದ.

"ಮತ್ತೆ?"

"ಎಲ್ಲಿ ಹೋದ್ರೆ ಅದು ಐಬು ಅನ್ನಿಸಿಕೊಳ್ಳಲ್ವೋ ಅಂಥ ಜಾಗ ಹುಡುಕಬೇಕು. ಈ ಹೆಂಗಸಿನ ದನಿ ನೋಡು, ಬಿಡದೆ ಬೈತದೆ, ಕೇಳೋರಿಗೆ ತಿಳಿಯಲ್ಲ, ಹೇಳೋದೂ ನಿಲ್ಲಲ್ಲ. ಇಂಥದ್ದು ನಿಮ್ಮ ಮನೇಲಿ ಆಗಲೇ ಒಂದು..."

"ಕೇಳಿಸ್ತು ಗೌಸಣ್ಣ" ಅಂದಳು ಮಾಳವ್ವ ಒಳಗಿಂದ. "ಚಾಕ್ಕೆ ಬೆಲ್ಲ ಹಾಕಬೇಕೋ ಬ್ಯಾಡವೋ ಅಂತ ಯೋಚನೆ ಮಾಡ್ತಿದ್ದೆ."

ದನಿಗೆ ಜಾಗ ಹುಡುಕಿದವಳೂ ಅವಳೇ. ನಮ್ಮ ಸಜ್ಜೆ ಹೊಲ ಊರ ಬಾಗಿಲಲ್ಲೇ ಇದೆ, ತೆನೆ ಹಾಲು ತುಂಬಿತ್ತು, ಗಿಣಿ ಗುಬ್ಬಚ್ಚಿ ಹಿಂಡುಹಿಂಡಾಗಿ ಬೀಳುತ್ತಿದ್ದವು. ಬೆದರುಬೊಂಬೆಗೆ ಅಂಗಿ ತೊಡಿಸಿ ನಿಲ್ಲಿಸಿದ್ದರೂ ಅದರ ಹೆಗಲ ಮೇಲೆ ಕೂತೇ ಕಾಳು ಬಿಡಿಸುತ್ತಿದ್ದವು. ಗೌಸಣ್ಣ ಕಾರನ್ನು ಹೊಲದ ಅಂಚಿಗೆ ತರಿಸಿ, ತಿರುಪು ಬಿಚ್ಚಿ, "ಹೂಂ, ಅನ್ನು" ಅಂದ. ನಾನು ಬೆದರುಬೊಂಬೆಯ ಕಡೆ ತಿರುಗಿ "ಇರಲಿ ಬಿಡು" ಅಂದೆ. ಕಾರು ಮೂಕವಾಯಿತು. ಬೊಂಬೆ ಗಂಟಲು ಸರಿಮಾಡಿಕೊಂಡು ಯಾವುದೋ ದೇಶದ ಭಾಷೆಯಲ್ಲಿ ಗದರಿತು. ಹಕ್ಕಿಗಳು ಹಾರಿದವು, ಪಕ್ಕದ ಹೊಲದವನ ಮೇಕೆಗಳೂ ಹಾರಿದವು. ಅವಳು ಹೇಳುತ್ತಿರುವುದು "ಹಿಂದಕ್ಕೆ ತಿರುಗು, ಹಿಂದಕ್ಕೆ ತಿರುಗು" ಅಂತ, ಪಟ್ಟಣದಲ್ಲಿ ಕೇಳಿದ್ದೇನೆ ಅಂದ ಗೌಸಣ್ಣ. ನಿಜವೋ ಸುಳ್ಳೋ, ಊರೆಲ್ಲ ಅದನ್ನೇ ನಂಬಿತು.

ಅಲ್ಲಿಂದ ನಮಗೆ ಕೈ ಕುದುರಿತು. ಶಿವಲಿಂಗಯ್ಯನವರ ಗುಡಿಯಲ್ಲಿ ಲಿಂಗದ ಮೇಲೆ ತೂಗುಹಾಕಿದ ಧಾರಾಪಾತ್ರೆಯ ತೂತು ಕಟ್ಟಿ ಎಷ್ಟೋ ಕಾಲವಾಗಿತ್ತು. ಸೋರುವ ಐಬನ್ನು ಅದಕ್ಕೆ ಕೇಳಿದಾಗ ಅವರು ಮಡಿಯ ವಿಚಾರ ತೆಗೆದು ಸ್ವಲ್ಪ ಹೊತ್ತು ಎಳೆದಾಡಿದರು, ಕೊನೆಗೆ ಪಾತ್ರೆಯ ಕಡೆ ನೋಡಿ ಹೇಳಿದರು. ಹೇಳುವಾಗ ನಡುವೆ ಒಂದು ಅಕ್ಷರ ಬಿಟ್ಟುಹೋದದ್ದರಿಂದ ಮತ್ತೆ ಹೇಳಿಸಬೇಕಾಯಿತು. ಅಂದಿನಿಂದ ಕಾರಿನ ಹೊಟ್ಟೆ ಒಣಗಿತು, ಈಶ್ವರನ ನೆತ್ತಿ ತಣ್ಣಗಾಯಿತು. ಗಾಜು ಒರೆಸುವ ಕಡ್ಡಿಯ ಚಾಳಿ ನಮ್ಮ ಎಮ್ಮೆಗೆ ಹೋಯಿತು. ಹಿಂದೆ ನಾಯಿ ಕಚ್ಚಿ ಅದರ ಬಾಲ ಜೋತುಬಿದ್ದಿತ್ತು, ನೊಣ ಹೊಡೆಯಲಾರದೆ ಒದ್ದಾಡುತ್ತಿತ್ತು. ಈಗ ಬಿಸಿಲು ಬಿದ್ದ ಕೂಡಲೇ ಬಾಲ ಎಡಕ್ಕೆ ಬಲಕ್ಕೆ ಲಯಬದ್ಧವಾಗಿ ಆಡುತ್ತದೆ, ಮೋಡವಾದರೆ ನಿಲ್ಲುತ್ತದೆ. ಎಮ್ಮೆಯ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಕಂಡಿರಲಿಲ್ಲ.

ಸೀಟಿನ ಕಾವನ್ನು ಅರಳಿಕಟ್ಟೆಗೆ ಕೊಡುವುದೆಂದಾಯಿತು. ಕಟ್ಟೆಗೆ ಯಜಮಾನರು ಅಂದರೆ ಅದರ ಮೇಲೆ ದಿನವಿಡೀ ಕೂರುವ ಮುದುಕರೇ. ಅವರಲ್ಲಿ ಹಿರಿಯ ತಿಪ್ಪಜ್ಜ.

"ಚಳಿಗಾಲಕ್ಕೆ ಸರಿ ಕಣಪ್ಪಾ, ಬೇಸಿಗೆಗೆ?" ಅಂದ ಒಬ್ಬ ಮುದುಕ.

"ಬೇಸಿಗೆ ತನಕ ನೀನಿರ್ತೀಯಾ?" ಅಂದ ತಿಪ್ಪಜ್ಜ.

"ನಿನಗಿಂತ ಮುಂಚೆ ಹೋಗಬಾರದು ಅಂತ ತಾನೇ ತಡ್ಕೊಂಡು ಕೂತಿರೋದು."

ನಗಾಡಿಕೊಂಡು ಎಲ್ಲರೂ ಕೂಡಿ ಹೇಳಿದರು. ಕಲ್ಲು ಹದವಾಗಿ ಬೆಚ್ಚಗಾಯಿತು. ಅಂದು ಮಧ್ಯಾಹ್ನ ಯಾರೂ ಊಟಕ್ಕೆ ಮನೆಗೆ ಹೋಗಲಿಲ್ಲ, ತಟ್ಟೆಗಳೇ ಕಟ್ಟೆಗೆ ಬಂದವು.

ಹಾರನ್ನಿನದು ಮಾತ್ರ ನನ್ನ ಬಾಯಿಂದಲೇ ಕೆಟ್ಟಿತು. ಗೌಸಣ್ಣ ಅದನ್ನು ಆಗಷ್ಟೇ ಸಡಿಲ ಮಾಡಿದ್ದ, ಇಬ್ಬರೂ ಜಾಗ ಯೋಚಿಸುತ್ತಿದ್ದೆವು. ಕ್ಷೌರದ ನಿಂಗಣ್ಣ ಬಂದು ತಲೆ ಕೆರೆದುಕೊಂಡು ನಿಂತ. ಯುಗಾದಿಯಲ್ಲಿ ಒಯ್ದ ನನ್ನ ಏಣಿಯನ್ನು ಇನ್ನೂ ತಂದುಕೊಟ್ಟಿಲ್ಲ, ಮನೆ ಹೊದಿಕೆ ಮುಗಿದಿಲ್ಲ, ಏನಂದುಕೊಂಡೆಯೋ ಏನೋ ಅಂತ ಒಂದೇ ಸಮ ಸಂಕೋಚ ಪಟ್ಟ. ಕಾರು ಬಂದ ಮೇಲೆ ನನಗೊಂದು ದೊಡ್ಡಸ್ತಿಕೆ ಬಂದಿತ್ತೋ ಏನೋ, "ಏಣಿ ತಾನೇ, ಇರಲಿ ಬಿಡು" ಅಂದುಬಿಟ್ಟೆ. ಗೌಸಣ್ಣನ ಕೈಯಿಂದ ಸ್ಪ್ಯಾನರು ಜಾರಿತು. ಎರಡು ಬೀದಿ ಆಚೆ, ನಿಂಗಣ್ಣನ ಮನೆಯ ಗೋಡೆಗೆ ಎಡಕ್ಕೆ ವಾಲಿಸಿದ್ದ ಏಣಿ ಲಾರಿಯ ಹಾಗೆ ಕೂಗಿತು. ಮೇಲೆ ಹೆಂಚು ಜೋಡಿಸುತ್ತಿದ್ದವನು ಇಳಿಯದೆ ಅಲ್ಲೇ ದೇವರ ಹೆಸರು ಹೇಳುತ್ತಿದ್ದನಂತೆ. ನಿಂಗಣ್ಣ ಸಂಜೆಯೇ ಏಣಿ ತಂದುಕೊಟ್ಟ. ಬಲಕ್ಕೆ ವಾಲಿಸಿದರೆ ಸುಮ್ಮನಿರುತ್ತದೆ, ಈಗ ಬಳಕೆಯಾಗಿದೆ.

ಉಳಿದದ್ದು ನಡುದಾರಿಯಲ್ಲಿ ನಿಲ್ಲುವುದು. ಅದಕ್ಕೆ ಯಾವ ಜಾಗವೂ ಒಗ್ಗಲಿಲ್ಲ. ಮೊದಲು ಕಾರನ್ನೇ ಯಾಮಾರಿಸೋಣ ಅಂತ ಗೌಸಣ್ಣ ಗಿರಣಿಗೆ ಹೊರಟಾಗ ಸ್ಟೇರಿಂಗಿನ ಹತ್ತಿರ ಬಾಯಿಟ್ಟು, "ನಡಿಯಪ್ಪಾ, ನಾವು ಸಮುದ್ರ ನೋಡೋಕೆ ಹೋಗ್ತಿದ್ದೀವಿ" ಅಂದು ನೋಡಿದ. ಗಿರಣಿಯ ನಡುದಾರಿಯಲ್ಲೇ ನಿಂತಿತು. ನಮ್ಮ ಕಾಲ ಬಳಿ ಜೋಳದ ಚೀಲ ಇದ್ದದ್ದನ್ನು ಅದು ನೋಡಿತ್ತು ಅಂತ ಕಾಣುತ್ತದೆ.

ತಿಪ್ಪಜ್ಜನ ಹೆಂಡತಿ ಓಬಜ್ಜಿ ತಾನಾಗಿ ಬಂದು ಕೇಳಿದಳು. "ನಮ್ಮ ಮುದುಕನ ಗೊರಕೆಗೆ ಹಾಕಪ್ಪ ಗೌಸ. ನಡುವೆ ನಿಂತ್ರೆ ಆ ಸಂದೀಲಿ ನಾನೊಂದು ನಿದ್ದೆ ತೆಗೀತೀನಿ. ಇಷ್ಟು ವರ್ಷ ಕೇಳಿದ್ದೀನಿ ಅಂದ್ಮೇಲೆ ಅದು ನಂದೇ."

ಎಂದೂ ಹಿಂಜರಿಯದ ಗೌಸಣ್ಣ ಅಂದು ಹಿಂಜರಿದ. "ಬ್ಯಾಡಜ್ಜಿ. ಗೊರಕೆ ಎಲ್ಲಿ ಮುಗೀತದೆ, ಉಸಿರು ಎಲ್ಲಿ ಶುರುವಾಗ್ತದೆ ಅಂತ ನನಗೆ ತಿಳಿಯಲ್ಲ. ಒಂದು ನಿಲ್ಲಿಸೋಕೆ ಹೋಗಿ ಇನ್ನೊಂದು ನಿಂತ್ರೆ?"

ಓಬಜ್ಜಿ ಸ್ವಲ್ಪ ಹೊತ್ತು ಯೋಚನೆ ಮಾಡಿಯೇ ವಾಪಸು ಹೋದಳು.

ಆಮೇಲೆ ಊರಿನ ಅರ್ಧ ಜನ ಸೇರಿ ಪಂಚಾಯಿತಿ ಅಧ್ಯಕ್ಷ ವೀರಭದ್ರಗೌಡರ ಹತ್ತಿರ ಹೋದೆವು. ಬಾವುಟ ಏರಿಸಿದ ದಿನ ಅವರ ಭಾಷಣ ಬೆಳಿಗ್ಗೆ ಶುರುವಾದದ್ದು ಶಾಲೆಯ ಮಕ್ಕಳ ನೆರಳು ಕಾಲಡಿಗೆ ಬಂದರೂ ಮುಗಿದಿರಲಿಲ್ಲ. ಭಾಷಣಕ್ಕೆ ಇದನ್ನು ಇಟ್ಟುಕೊಳ್ಳಿ ಅಂತ ನಯವಾಗಿ ಕೇಳಿದೆವು.

"ನಾನು ನಡುವೆ ನಿಂತರೆ ದೇಶದ ಗತಿಯೇನ್ರಯ್ಯಾ?" ಅಂದರು ಗೌಡರು.

"ದೇಶ ಮನೆಗೆ ಹೋಗಿ ಉಣ್ತದೆ ಗೌಡ್ರೇ" ಅಂದರು ಯಾರೋ ಹಿಂದಿನಿಂದ. ಅಲ್ಲಿಗೆ ಆ ಮಾತು ಮುರಿದುಬಿತ್ತು.

ಹಬ್ಬ ನಾಳೆ ಅನ್ನುವಾಗಲೂ ಐಬು ಕಾರಿನಲ್ಲೇ ಇತ್ತು. ಮಾಳವ್ವ ಬಾಗಿನದ ಮೊರ ತೊಳೆದು ಒಣಗಲು ಇಟ್ಟಿದ್ದಳು. ನನ್ನ ಮುಖ ನೋಡಿ, "ಹೆಂಗೂ ಬನ್ನಿಮರದ ಹತ್ರ ನಿಲ್ತದೆ ಅಂತ ಗೊತ್ತಲ್ಲ. ಹೊನ್ನಕ್ಕ ಇಳಿದು ನೆರಳಲ್ಲಿ ಮಲಗಲಿ, ಅದು ಹೊರಟಾಗ ಹೊರಟು ಬರ್ರಿ" ಅಂದಳು. ಆದರೆ ನನ್ನ ಹೆದರಿಕೆ ಅದಾಗಿರಲಿಲ್ಲ. ಬನ್ನಿಮರದ ಕೆಳಗೆ ಎದುರಿನ ಬಸ್ಸು ಬರುತ್ತದೆ. ಇಳಿದ ಅಕ್ಕ ಕೈ ಅಡ್ಡ ಹಿಡಿದರೆ ಮತ್ತೆ ಅವಳನ್ನು ಕರೆಯುವ ಬಾಯಿ ನನಗಿರಲಿಲ್ಲ. ಟಗರೂ ಇರಲಿಲ್ಲ.

ಬೆಳಿಗ್ಗೆ ಗೌಸಣ್ಣನನ್ನೂ ಕೂರಿಸಿಕೊಂಡು ಹೊರಟೆ. ಹೋಗುವಾಗ ಕಾರು ಬನ್ನಿಮರದ ಹತ್ತಿರ ತನ್ನ ಪದ್ಧತಿಯಂತೆ ನಿಂತಿತು, ಗೌಸಣ್ಣ ಪಟ್ಟಣದ ಕಥೆ ಒಂದನ್ನು ಮುಗಿಸುವಷ್ಟರಲ್ಲಿ ಹೊರಟಿತು. ಅಕ್ಕ ಟ್ರಂಕಿನ ಮೇಲೆ ಕೂತು ಕಾಯುತ್ತಿದ್ದಳು. ಕಾರನ್ನು ನೋಡಿ ನಕ್ಕಳು. "ಇದೇನೋ ತಮ್ಮಾ, ಯಾರ ಮನೆಯ ಎಮ್ಮೆ ಹೊಡ್ಕೊಂಡು ಬಂದೆ?"

ಹಿಂದಿನ ಸೀಟಿನಲ್ಲಿ ಅವಳನ್ನು ಒರಗಿಸಿದೆವು. ಊರು ದಾಟಿ ಬಯಲಿಗೆ ಇಳಿದೆವು. ಮಳೆಗೆ ರಸ್ತೆ ಗುಂಡಿ ಬಿದ್ದಿತ್ತು. ಕನ್ನಡಿಯಲ್ಲಿ ನಾನು ರಸ್ತೆ ನೋಡುವುದು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಹುಬ್ಬು ಗಂಟಿಕ್ಕಲಿಲ್ಲ. "ಮೊಸರಲ್ಲಿ ಕೂತಂಗದೆ" ಅಂದಳು. ಕಿಟಕಿಯಾಚೆ ಹೆಸರು ಬಿಡಿಸುವವರನ್ನು, ದನಗಳನ್ನು ನೋಡಿ ಒಂದೊಂದಕ್ಕೂ ಏನಾದರೊಂದು ಹೇಳುತ್ತಿದ್ದಳು. ಐದು ವರ್ಷದಿಂದ ಈ ದಾರಿಯಲ್ಲಿ ಅವಳು ಕಣ್ಣು ಮುಚ್ಚಿಕೊಂಡೇ ಬರುತ್ತಿದ್ದಳಲ್ಲ.

ಬನ್ನಿಮರ ಬಂತು, ಕಾರು ನಿಂತಿತು.

"ಯಾಕೋ?" ಅಂದಳು ಅಕ್ಕ.

ಹೇಳಿದೆ. ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಬೆದರುಬೊಂಬೆ, ಎಮ್ಮೆಯ ಬಾಲ, ಕಟ್ಟೆ, ಏಣಿ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಏಣಿ ಕೂಗಿದ್ದನ್ನು ಗೌಸಣ್ಣನ ಬಾಯಿಂದ ಇನ್ನೊಮ್ಮೆ ಹೇಳಿಸಿದಳು. ಕಾರು ಮಾತ್ರ ಹೊರಡಲಿಲ್ಲ. ರಸ್ತೆ ಅಲ್ಲಿ ಒಂದು ಕಡೆ ಇಳಿಜಾರು, ಕಾರು ಓರೆಯಾಗಿ ನಿಂತಿತ್ತು. ಓಡುವಾಗ ಸೀಟು ಸೊಂಟವನ್ನು ಹಿಡಿದುಕೊಂಡಿತ್ತು, ಕಾರು ನಿಂತಾಗ ಭಾರವೆಲ್ಲ ಸೊಂಟದ ಒಂದು ಪಕ್ಕಕ್ಕೆ ಬಿತ್ತು. ಅಕ್ಕನ ನಗು ತೆಳ್ಳಗಾಗುವುದು ನನಗೆ ಕಂಡಿತು. ಅವಳು ಎರಡು ಕೈಯಲ್ಲೂ ಸೀಟಿನ ಅಂಚು ಹಿಡಿದಳು.

"ಹೊರಡ್ತು" ಅಂದಳು ಮೆಲ್ಲಗೆ. ಕಾರಲ್ಲ, ನೋವು.

ಅವಳನ್ನು ಇಳಿಸಿ ಬನ್ನಿಮರಕ್ಕೆ ಒರಗಿಸಿದೆವು. ದೂರದಲ್ಲಿ, ಬಯಲಿನ ಅಂಚಿನಲ್ಲಿ, ಎದುರಿನ ಬಸ್ಸಿನ ಧೂಳು ಎದ್ದಿತ್ತು. ನಾನೂ ನೋಡಿದೆ, ಅವಳೂ ನೋಡಿದಳು. ಅವಳ ಕೈ ಮೇಲೇಳುವುದಕ್ಕೆ ತಯಾರಾಗುತ್ತಿದೆ ಅನ್ನಿಸಿತು. ನಾನು ಬೇರೆ ಕಡೆ ಮುಖ ತಿರುಗಿಸಿದೆ.

"ಗೌಸ" ಅಂದಳು ಅಕ್ಕ, ಹಲ್ಲು ಕಚ್ಚಿಕೊಂಡು. "ಈ ಗಾಡಿಯ ಐಬು ಬಿಚ್ಚು. ನನ್ನ ನೋವಿಗೆ ಹಾಕು."

ಗೌಸಣ್ಣ ನನ್ನ ಮುಖ ನೋಡಿದ. "ಆಗಲ್ಲಕ್ಕಾ. ನೋವು ಎಲ್ಲಿ ಮುಗೀತದೆ, ನೀನು ಎಲ್ಲಿ ಶುರುವಾಗ್ತೀಯ ಅಂತ ನನಗೆ ತಿಳಿಯಲ್ಲ. ಓಬಜ್ಜಿಗೂ ಇದನ್ನೇ ಹೇಳಿದೀನಿ."

"ನಿನಗೆ ಯಾಕೆ ತಿಳೀಬೇಕು? ನನಗೆ ತಿಳೀತದೆ. ಐದು ವರ್ಷ ಜೊತೇಲಿ ಮಲಗಿ ಎದ್ದಿದ್ದೀನಿ. ಅದು ತೊಡೆಯಲ್ಲಿ ಹುಟ್ತದೆ, ನೆತ್ತಿಗೆ ಹೋಗ್ತದೆ. ದಾರಿ ಅದರದ್ದು, ಊರು ನಂದು."

"ಅಕ್ಕಾ, ಬೇಡ" ಅಂದೆ ನಾನು. "ಏನಾದರೂ ಹೆಚ್ಚುಕಮ್ಮಿ ಆದ್ರೆ? ಬಸ್ಸು ಬರ್ತಿದೆ. ಈ ಸಲವೂ ಹೋಗಿಬಿಡು. ಸೀರೆ ಮುಟ್ಟಿತಲ್ಲ."

ನನ್ನ ಬಾಯಲ್ಲಿ ತನ್ನದೇ ಮಾತು ಬಂದದ್ದು ಕೇಳಿ ಅವಳು ನನ್ನನ್ನು ದಿಟ್ಟಿಸಿದಳು. ಚಿಕ್ಕಂದಿನಲ್ಲಿ ನಾನು ನಡೆಯಲಾರೆ ಅಂತ ಸುಳ್ಳು ಹೇಳಿ ಕೈ ಚಾಚಿದಾಗ ನೋಡುತ್ತಿದ್ದ ನೋಟ ಅದು.

"ಸೀರೆ ಮುಟ್ಟೋದು ಸೀರೆಯ ಕೆಲಸ" ಅಂದಳು. "ಬಿಚ್ಚೋ ಗೌಸ."

"ನಿಂತದ್ದು ಮತ್ತೆ ಹೊರಡ್ತದಕ್ಕಾ" ಅಂದ ಗೌಸಣ್ಣ. "ಕಾರು ನೋಡಿದೆಯಲ್ಲ. ನಡುವೆ ನಿಲ್ತದೆ, ಬಿಟ್ಟೇನೂ ಹೋಗಲ್ಲ."

"ಹೊರಡ್ಲಿ. ನಾನೇನು ಅದನ್ನ ಬಿಟ್ಟು ಹೋಗು ಅಂದ್ನಾ? ನಡುವೆ ಕೂತು ಸುಧಾರಿಸಿಕೊಳ್ಳೋಕೆ ಒಂದು ಜಗುಲಿ ಸಿಕ್ಕರೆ ಸಾಕು."

ಬಸ್ಸು ಹತ್ತಿರ ಬಂತು. ಡ್ರೈವರು ಅಕ್ಕನ ಗುರುತು ಹಿಡಿದು ತಾನಾಗಿ ನಿಧಾನ ಮಾಡಿದ. ಪ್ರತಿ ವರ್ಷದ ಗಿರಾಕಿ. ಅಕ್ಕ ಕೈ ಎತ್ತಿದಳು. ಎತ್ತಿ, ಹೋಗು ಅಂತ ಬೀಸಿದಳು. ಬಸ್ಸಿನವರೆಲ್ಲ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡುತ್ತ ಹೋದರು.

ಗೌಸಣ್ಣ ಬಾನೆಟ್ಟು ಎತ್ತಿದ. ಅವತ್ತು ಕೆಲಸ ಮುಗಿಯುವ ತನಕ ಅವನು ಒಂದು ಮಾತೂ ಆಡಲಿಲ್ಲ. ಅಷ್ಟು ಹೊತ್ತು ಅವನು ಸುಮ್ಮನಿದ್ದದ್ದನ್ನು ನಾನು ಅದೊಂದೇ ಸಲ ಕಂಡದ್ದು. ಅಕ್ಕನ ಕೈ ನನ್ನ ಕೈಯೊಳಗಿತ್ತು. ಬೆರಳು ಒತ್ತಿ ಒತ್ತಿ ಬೆಳ್ಳಗಾಗಿದ್ದವು. ನೋವು ಎಲ್ಲಿಯ ತನಕ ಬಂದಿದೆ ಅಂತ ಅವಳ ಉಸಿರಿನಿಂದಲೇ ಹೇಳಬಹುದಿತ್ತು. ಒಳಗೆ ಎಲ್ಲೋ ಒಂದು ಬೋಲ್ಟು ಕಿರ್ರೆಂದಿತು. ಗೌಸಣ್ಣ ತಲೆ ಹೊರಗೆ ತೆಗೆದು, "ಬಿಟ್ಟಿದೀನಿ" ಅಂದ.

ಅಕ್ಕ ಕಣ್ಣು ಮುಚ್ಚಿಕೊಂಡಳು. ತನ್ನ ಸೊಂಟದ ಮೇಲೆ ಕೈಯಿಟ್ಟು, ಅಳುವ ಮಗುವಿಗೆ ಹೇಳುವ ಹಾಗೆ, "ಇರಲಿ ಬಿಡು" ಅಂದಳು.

ಬೋಳು ಬಯಲಿನಲ್ಲಿ ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ನಾನು ಅವಳ ಮೂಗಿನ ಹತ್ತಿರ ಬೆರಳು ಹಿಡಿದೆ. ಅವಳು ಕಣ್ಣು ಮುಚ್ಚಿಕೊಂಡೇ ಅದನ್ನು ತಳ್ಳಿದಳು. "ಇದ್ದೀನಿ ಕಣೋ. ಕೈಗೆ ಗ್ರೀಸ್ ವಾಸನೆ." ಆಮೇಲೆ ಒಂದು ಕಣ್ಣು ತೆರೆದು, ಒಳಗಿನದೇನನ್ನೋ ಕಿವಿಗೊಟ್ಟು ಕೇಳುವವಳ ಹಾಗೆ ಇದ್ದು, ಹೇಳಿದಳು: "ಪಕ್ಕೆ ಹತ್ರ ನಿಂತದೆ. ಕೂತ್ಕೊಂಡಿದೆ. ಎಲೆಅಡಿಕೆ ಹಾಕ್ಕೊಂತಿರಬೇಕು."

ಹಿಂದೆ ಕಾರು ತಾನಾಗಿ ಶುರುವಾಯಿತು. ಒಂದು ಐಬೂ ಇಲ್ಲದ ಅದರ ಸದ್ದು ಎಷ್ಟು ಮೆತ್ತಗಿತ್ತೆಂದರೆ, ಗೌಸಣ್ಣ ಅದರ ಬಾನೆಟ್ಟಿಗೆ ಕಿವಿಯಿಟ್ಟು ಇದೆಯೋ ಇಲ್ಲವೋ ಅಂತ ನೋಡಬೇಕಾಯಿತು.

ಉಳಿದ ದಾರಿಯಲ್ಲಿ ಪಕ್ಕೆಯ ಹತ್ತಿರ ಕೂತಿದ್ದ ನೋವು ಎದ್ದು ಹೊರಟಿತು, ನೆತ್ತಿ ಮುಟ್ಟಿತು, ಇಳಿಯಿತು. ಅಕ್ಕ ಅಷ್ಟು ಹೊತ್ತು ಸೀಟಿಗೆ ಒರಗಿ ಬಾಯಿ ಬಿಗಿಹಿಡಿದಿದ್ದಳು. ತೊಡೆಯಿಂದ ಮತ್ತೊಮ್ಮೆ ಹೊರಟದ್ದು ಪಕ್ಕೆಯ ಹತ್ತಿರ ಬಂದು ನಿಂತಾಗ ಕಣ್ಣೀರು ಒರೆಸಿಕೊಂಡು, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡಳು. "ಅಲ್ವೋ ತಮ್ಮಾ, ನಡುವೆ ನಿಲ್ಲೋ ನೋವಾದ್ರೆ ನಾನು ಬಸ್ಸಲ್ಲೇ ಬರಬೋದು. ಬಸ್ಸಲ್ಲಾದ್ರೆ ನಾಲ್ಕು ಜನ ಮಾತಿಗೆ ಸಿಗ್ತಾರೆ. ಸುಮ್ನೆ ಟಗರು ಕಳ್ಕೊಂಡೆ."

"ಈ ಕಾರಿಲ್ಲದಿದ್ರೆ ಆ ಐಬು ಎಲ್ಲಿಂದ ತರ್ತಿದ್ದೆ ಅಕ್ಕಾ?" ಅಂದೆ.

"ಅದೂ ಸರೀನೇ" ಅಂದ ಗೌಸಣ್ಣ. ಅವನಿಗೆ ಮಾತು ಮರಳಿ ಬಂದಿತ್ತು. "ಪಟ್ಟಣದಲ್ಲಿ ಇಂಥ ಐಬು ಸಿಗಬೇಕಂದ್ರೆ ಎಷ್ಟು ಕಷ್ಟ ಗೊತ್ತಾ?"

ಊರ ಬಾಗಿಲಲ್ಲಿ ನಮ್ಮ ಸಜ್ಜೆ ಹೊಲ ಕಂಡಾಗ ಅಕ್ಕ ನಿಲ್ಲಿಸು ಅಂದಳು. "ಇಲ್ಲಿಂದ ನಡೀತೀನಿ. ಈಗ ತಾನೇ ಕೂತ್ಕೊಂಡಿದೆ, ಮನೆ ಮುಟ್ಟೋ ತನಕ ಏಳಲ್ಲ." ಬೇಡ ಅಂದರೆ ಕೇಳುವವಳಲ್ಲ. ಟ್ರಂಕನ್ನು ಕಾರಿನಲ್ಲೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕಾಲು ತುಸು ಎಳೆಯುತ್ತ ಹೊರಟಳು. ಗೌಸಣ್ಣ ಅವಳ ಪಕ್ಕದಲ್ಲಿ, ಹಿಂದೆ ಕಾರಿನಲ್ಲಿ ನಾನು. ಅದು ಈಗ ಎಷ್ಟು ನಿಧಾನಕ್ಕೆ ಬೇಕಾದರೂ ನಡೆಯುತ್ತಿತ್ತು, ಎಲ್ಲೂ ನಿಲ್ಲುತ್ತಿರಲಿಲ್ಲ.

ತೆನೆಗಳ ನಡುವಿನಿಂದ ಬೆದರುಬೊಂಬೆ ಒಮ್ಮೆಲೇ ಗದರಿತು. ಅಕ್ಕ ಬೆಚ್ಚಿ ನಿಂತಳು.

"ಏನಂತಾಳೋ ಗೌಸ?"

"ಹಿಂದಕ್ಕೆ ತಿರುಗು ಅಂತಾಳಕ್ಕಾ."

ಅಕ್ಕ ಬೆದರುಬೊಂಬೆಯನ್ನು ಕಾಲಿನಿಂದ ತಲೆಯ ತನಕ ನೋಡಿದಳು. ಅದರ ಮೈಮೇಲೆ ಇದ್ದದ್ದು ನನ್ನ ಹಳೆಯ ಅಂಗಿ.

"ಐದು ವರ್ಷ ತಿರುಗಿದ್ದೀನಿ ಕಣೇ ತಾಯಿ" ಅಂದಳು. "ಇವತ್ತು ನೀನೇ ಬೇಕಾದ್ರೆ ತಿರುಗು."

ಅಂದು ಮುಂದೆ ನಡೆದಳು. ಅರಳಿಕಟ್ಟೆಯ ಮುದುಕರು ದೂರದಿಂದಲೇ ಕಂಡು, ಒಬ್ಬರನ್ನೊಬ್ಬರು ನೂಕಿಕೊಂಡು, ಬೆಚ್ಚಗಿನ ಕಲ್ಲಿನ ಮೇಲೆ ಅವಳ ಸೊಂಟಕ್ಕೆ ಸಾಲುವಷ್ಟು ಜಾಗ ಮಾಡುತ್ತಿದ್ದರು.